ನಲವತ್ತು ಗ್ರಾಂ ಕೊಸರು

ಮಾಸ್ತಮ್ಮನ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ವ್ಯಾಪಾರದ ಬಗ್ಗೆಯೇ ಹೇಳಬೇಕಾಗುತ್ತದೆ. ಅದು ನನಗೆ ಇಷ್ಟದ ವಿಷಯವೂ ಹೌದು. ಹತ್ತು ಜನ ಸೇರಿದಲ್ಲಿ ಯಾರೂ ಕೇಳದಿದ್ದರೂ ನಾನೇ ಶುರು ಮಾಡುತ್ತೇನೆ ಎಂದು ಹೆಂಡತಿ ಮಾಲಿನಿ ಛೇಡಿಸುತ್ತಾಳೆ. ಈಗ, ಎರಡು ಸಾವಿರದ ಎಂಟರಲ್ಲಿ, ನಮ್ಮ 'ಕಡಲಪೊಟ್ಟಣ ಡಾಟ್ ಕಾಮ್'ನಲ್ಲಿ ಪ್ರೆಶರ್ ಕುಕ್ಕರ್ ಸಿಗುತ್ತದೆ, ಶಾಲೆಯ ಬ್ಯಾಗು ಸಿಗುತ್ತದೆ. ಯಕ್ಷಗಾನದ ಸೀಡಿ, ಹಿತ್ತಾಳೆ ದೀಪ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಕೇಳಿದ್ದೆಲ್ಲ ಉಂಟು. ಸಿಗದಿರುವುದು ಒಂದೇ, ನಾವು ಮೊಟ್ಟಮೊದಲು ಮಾರಿದ ಸಾಮಾನು. ಅದು ಮಾಸ್ತಮ್ಮನ ಒಣಶೆಟ್ಲಿ. ಶೆಟ್ಲಿ ಎಂದರೆ ಸೀಗಡಿ. ಬಿಸಿಲಿಗೆ ಒಣಗಿಸಿದರೆ ವರ್ಷ ಇಟ್ಟರೂ ಕೆಡುವುದಿಲ್ಲ.

ಮಾಸ್ತಮ್ಮ ತೆಂಗಿನಗುಂಡಿಯವಳು. ಗಂಡ ದೇವಪ್ಪ ದೋಣಿಗೆ ಹೋಗುತ್ತಿದ್ದ, ಇವಳು ಬುಟ್ಟಿ ಹೊತ್ತು ಭಟ್ಕಳದ ಬೀದಿಗಳಲ್ಲಿ ಮೀನು ಮಾರುತ್ತಿದ್ದಳು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನಮ್ಮ ಮನೆ ಮೆಟ್ಟಿಲ ಮೇಲೆ ಕೂತವಳು, ಹಾಗಾಗಿ ನಾನು ದೊಡ್ಡವನಾದ ಮೇಲೂ ನನ್ನನ್ನು 'ಗುರು ತಮ್ಮ' ಎಂದೇ ಕರೆದಳು. ಯಾವ ಮನೆಯಲ್ಲಿ ಬಂಗಡೆ ಇಷ್ಟ, ಯಾವ ಮನೆಯ ಯಜಮಾನನಿಗೆ ಮುಳ್ಳು ಆಗದು, ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಎಲ್ಲ ಅವಳ ತಲೆಯಲ್ಲಿತ್ತು. ಚೌಕಾಸಿಗೆ ನಿಂತರೆ ಬಾಯಿ ಜೋರು. ಆದರೆ ಅಳೆದು ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕದೆ ಬುಟ್ಟಿ ಎತ್ತಿದವಳಲ್ಲ. ಕೊಸರು ನಮ್ಮ ಕಡೆ ಎಲ್ಲ ಮೀನಿನವರೂ ಹಾಕುತ್ತಾರೆ. ಇವಳ ಕೊಸರಿಗೆ ಮಾತ್ರ ಒಂದು ರೀತಿ ಇತ್ತು. ಒಣಶೆಟ್ಲಿ ಕೊಂಡರೆ ಒಂದು ಹಿಡಿಯನ್ನು ಬೇರೆಯೇ ಕಾಗದದಲ್ಲಿ ಹಾಕಿ, ಚಟ್ನಿಗೆ ಹುಳಿ ಇರಲಿ ಎಂದು ಅದರೊಳಗೆ ಒಂದು ಮುರುಗಲು ಸಿಪ್ಪೆ ಇಟ್ಟು, ಬಾಳೆ ನಾರಿನಲ್ಲಿ ಬಲೆಯ ಗಂಟು ಹಾಕಿ ಕಟ್ಟಿ, "ಇದು ಮಕ್ಕಳಿಗೆ" ಎನ್ನುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲೂ ಹಾಗೆಯೇ ಹೇಳುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು, ಕಮಲಿ. ತೊಂಬತ್ನಾಲ್ಕರಲ್ಲಿ, ಹತ್ತೊಂಬತ್ತು ವಯಸ್ಸಿಗೆ, ಬಂದರಿಗೆ ಮೀನು ತುಂಬಲು ಬರುತ್ತಿದ್ದ ಲಾರಿಯ ಡ್ರೈವರನ ಜೊತೆ ಹೋಗಿಬಿಟ್ಟಳು. ಘಟ್ಟದ ಮೇಲಿನ ಮರಾಠಿಯವ. ಬಂದರಿನಲ್ಲಿ ಎಲ್ಲರೂ ಅವನನ್ನು ಬಾಳು ಎಂದು ಕರೆಯುತ್ತಿದ್ದರು. ಪೂರ್ತಿ ಹೆಸರು ಯಾರಿಗೂ ಗೊತ್ತಿಲ್ಲ. ಊರು ಮಿರಜ್ ಎಂದವರುಂಟು, ಪುಣೆ ಎಂದವರುಂಟು. ದೇವಪ್ಪ ಮೂರನೇ ದಿನ ಸಮುದ್ರಕ್ಕೆ ಹೋಗಿ ಮಗಳ ಹೆಸರಿನಲ್ಲಿ ಮುಳುಗು ಹಾಕಿ ಬಂದ. ಸತ್ತವರಿಗೆ ಮಾಡುವ ಸ್ನಾನ ಅದು. ಅವಳ ಹೆಸರು ಮನೆಯಲ್ಲಿ ಎತ್ತಬಾರದು ಎಂದ. ಬದುಕಿರುವ ಮಗಳಿಗೆ ಸೂತಕ ಹಿಡಿಸಿದ ಗಂಡನ ಜೊತೆ ಮಾಸ್ತಮ್ಮ ಮತ್ತೆ ಏಳು ವರ್ಷ ಸಂಸಾರ ಮಾಡಿದಳು. ಅವನು ತೀರಿಕೊಂಡ ಮೇಲೆ ಮಗಳನ್ನು ಕರೆಸಬಹುದಿತ್ತು. ಕರೆಸುವುದು ಎಲ್ಲಿಂದ?

ನನ್ನ ಕಥೆ ಅಷ್ಟರಲ್ಲಿ ಶುರುವಾಗಿತ್ತು. ಭಟ್ಕಳದಲ್ಲಿ ನನ್ನದೊಂದು ಎಸ್‌ಟಿಡಿ ಬೂತು, ಅದರ ಪಕ್ಕಕ್ಕೆ ಕಂಪ್ಯೂಟರ್ ಟೈಪಿಂಗ್ ಸೆಂಟರ್. ಎರಡು ಸಾವಿರನೇ ಇಸವಿಯಲ್ಲಿ ಮುಂಬಯಿಯಲ್ಲಿದ್ದ ದಾಯಾದಿಯೊಬ್ಬ ಇಮೇಲ್ ಬರೆದ: ಇಲ್ಲಿ ಎಲ್ಲ ಸಿಗುತ್ತದೆ ಮಾರಾಯ, ನಮ್ಮ ಕಡೆಯ ಒಣಶೆಟ್ಲಿ ಮಾತ್ರ ಸಿಗುವುದಿಲ್ಲ. ಮಾಸ್ತಮ್ಮನಿಂದ ಅರ್ಧ ಕಿಲೋ ತೆಗೆದುಕೊಂಡು ಪೋಸ್ಟ್ ಮಾಡಿದೆ. ಮರುತಿಂಗಳು ಅವನ ಚಾಳಿನವರು ಏಳು ಜನ ಬೇಕೆಂದರು. ನನಗೆ ತಲೆ ತಿರುಗಿತು. ನಾನೇ ಕೂತು ಒಂದು ವೆಬ್‌ಸೈಟ್ ಮಾಡಿದೆ, ಒಂದು ಪುಟ, ಒಂದು ಫೋಟೊ, ಒಂದೇ ಸಾಮಾನು. ಆರ್ಡರ್ ಇಮೇಲಿನಲ್ಲಿ, ಸಾಮಾನು ವಿ.ಪಿ.ಪಿ.ಯಲ್ಲಿ, ದುಡ್ಡು ಪೋಸ್ಟ್‌ಮನ್ ಕೈಯಲ್ಲಿ. ಪೋಸ್ಟ್ ಆಫೀಸಿನ ಕೌಂಟರಿನವರು ನನ್ನನ್ನು ಕಂಡ ಕೂಡಲೇ ಕರವಸ್ತ್ರ ತೆಗೆದು ಮೂಗಿಗೆ ಇಟ್ಟುಕೊಳ್ಳುತ್ತಿದ್ದರು.

ಮಾಸ್ತಮ್ಮ ಬೀದಿ ತಿರುಗುವುದು ಬಿಟ್ಟು ನಮ್ಮ ಹಿಂದಿನ ಕೋಣೆಯಲ್ಲಿ ಪೊಟ್ಟಣ ಕಟ್ಟಲು ಕೂತಳು. ಪ್ರತಿ ಪೊಟ್ಟಣದಲ್ಲೂ ಕೊಸರು, ಮುರುಗಲು ಸಿಪ್ಪೆ, ಬಾಳೆ ನಾರಿನ ಗಂಟು. ಕಟ್ಟಿ ಮುಗಿದ ಮೇಲೆ ಪ್ರತಿ ಸಲವೂ ಅದನ್ನು ನನ್ನ ಮುಂದೆ ಹಿಡಿದು ಕೇಳುತ್ತಿದ್ದಳು.

"ತಮ್ಮ, ಇದು ಯಾವ ಊರಿಗೆ?"

ಮೊದಮೊದಲು ಓದಿ ಹೇಳುತ್ತಿದ್ದೆ. ದಾದರ್, ಠಾಣೆ, ಬೆಂಗಳೂರು. ಆಮೇಲೆ ಪೊಟ್ಟಣ ಹೆಚ್ಚಾದವು, ನನಗೆ ಪುರಸೊತ್ತು ಕಡಿಮೆಯಾಯಿತು. "ಎಲ್ಲಾ ಬೊಂಬಾಯಿ ಕಡೆಗೇ ಮಾರಾಯ್ತಿ, ಬೇಗ ಕಟ್ಟು" ಎನ್ನುತ್ತಿದ್ದೆ. ಅವಳಿಗೆ ಅಕ್ಷರ ಬಾರದು. ನಾನು ಹೇಳಿದ್ದೇ ಊರು.

ಅವಳು ಯಾಕೆ ಕೇಳುತ್ತಾಳೆಂದು ನನಗೆ ತಿಳಿಸಿದವಳು ಮಾಲಿನಿ. ದೇವಪ್ಪ ಸತ್ತ ವರ್ಷ ಇರಬೇಕು. ಪೊಟ್ಟಣ ಕಟ್ಟುತ್ತ ಮಾಸ್ತಮ್ಮ ಇವಳ ಹತ್ತಿರ ಹೇಳಿದ್ದಳಂತೆ: "ನಮ್ಮ ಕಮಲಿಗೆ ಶೆಟ್ಲಿ ಚಟ್ನಿ ಇಲ್ದೆ ಗಂಜಿ ಇಳೀತಿರ್ಲಿಲ್ಲ. ಎಲ್ಲಿದ್ರೂ ಅದ್ರ ಆಸೆ ಬಿಡೂದಿಲ್ಲ ಅವ್ಳು. ಒಂದಲ್ಲ ಒಂದಿನ ತರಿಸ್ತಾಳೆ. ಈ ಗಂಟು ಕಂಡ್ರೆ ಗೊತ್ತಾತು, ಆಯಿ ಇದ್ದಾಳೆ, ಸಿಟ್ಟಿಲ್ಲ ಅಂತ."

ನಾನು ನಕ್ಕೆ. ನೂರು ಕೋಟಿ ಜನರ ದೇಶದಲ್ಲಿ ಇವಳ ಪೊಟ್ಟಣ ಹುಡುಕಿಕೊಂಡು ಹೋಗಿ ಮಗಳ ಕೈಗೆ ಬೀಳುತ್ತದಂತೆ! ಮಾಲಿನಿ ನಗಲಿಲ್ಲ. "ನೀವು ಕಂಪ್ಯೂಟರ್ ಎದುರು ಕೂತು ಕಾಯೂದೂ ಅದೇ ಅಲ್ವಾ, ಗುರ್ತು ಪರಿಚಯ ಇಲ್ಲದವರು ಕೇಳ್ತಾರೆ ಅಂತ" ಎಂದಳು. ಅದಕ್ಕೆ ನಾನು ಸಿಡುಕಿದ್ದು ನೆನಪಿದೆ.

ಎರಡು ಸಾವಿರದ ಎರಡರಲ್ಲಿ ನನಗೊಂದು ಉಪಾಯ ಹೊಳೆಯಿತು. ಘಟ್ಟ ಹತ್ತುವ ಮೀನು ಲಾರಿಗಳ ಹಿಂದೆ ನಮ್ಮ ವೆಬ್‌ಸೈಟಿನ ಹೆಸರು ಬರೆಸಿದೆ. ಪೇಂಟರನಿಗೆ ಕೊಟ್ಟದ್ದೇ ಖರ್ಚು, ಜಾಹೀರಾತು ಊರೂರು ಸುತ್ತಿತು. ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರಗಳಿಂದ ಆರ್ಡರ್ ಬರತೊಡಗಿದವು. ಒಣಶೆಟ್ಲಿ ತೆಗೆದುಕೊಂಡವರು ಮುರುಗಲು ಸಿಪ್ಪೆ ಇದೆಯಾ ಎಂದು ಕೇಳಿದರು, ಅದನ್ನಿಟ್ಟೆ. ಹಪ್ಪಳ ಕೇಳಿದರು, ಅದನ್ನಿಟ್ಟೆ. ಬೆಲ್ಲ, ಗೋಡಂಬಿ, ತೆಂಗಿನೆಣ್ಣೆ, ಚಾಪೆ. ಒಂದೇ ಪುಟ ಇದ್ದದ್ದು ನಲವತ್ತು ಪುಟವಾಯಿತು. ಭಟ್ಕಳದ ಕೋಣೆ ಸಾಲದೆ ಹೊನ್ನಾವರದಲ್ಲಿ ಒಂದು ಶೆಡ್ಡು ಹಿಡಿದೆ. ಮಾಸ್ತಮ್ಮ ಈಗ ಒಣಶೆಟ್ಲಿಯ ಚೀಲ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೊನ್ನಾವರಕ್ಕೆ ಬರತೊಡಗಿದಳು. ಕಂಡಕ್ಟರ್ ಅವಳನ್ನು ಹಿಂದಿನ ಸೀಟಿಗೇ ಕಳಿಸುತ್ತಿದ್ದ. ಶೆಡ್ಡಿನಲ್ಲಿ ಹಪ್ಪಳ ಕಟ್ಟುವ ಹೆಂಗಸರೂ ಅವಳಿಂದ ನಾಲ್ಕು ಮಾರು ದೂರ ಕೂರುತ್ತಿದ್ದರು. ಅವಳೇನೂ ಅಂದುಕೊಳ್ಳಲಿಲ್ಲ. ಮೂಲೆಯಲ್ಲಿ ಕೂತು, ಗಂಟು ಹಾಕಿ, "ತಮ್ಮ, ಇದು ಯಾವ ಊರಿಗೆ?" ಎನ್ನುವಳು.

ಎರಡು ಸಾವಿರದ ಮೂರರಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಬಂತು, ಪ್ಲಾಸ್ಟಿಕ್ ಸೀಲ್ ಮಾಡುವ ಯಂತ್ರ ಬಂತು. ತೂಗಿ ನೋಡಿದಾಗಲೇ ನನಗೆ ವಿಷಯ ತಿಳಿದದ್ದು. ಪೋಸ್ಟಿನವರು ಅರ್ಧ ಕಿಲೋ ಲೆಕ್ಕದಲ್ಲಿ ಹಿಡಿಯುತ್ತಾರೆ. ನಮ್ಮ ಪೊಟ್ಟಣ, ಡಬ್ಬಿ, ಕಾಗದ ಎಲ್ಲ ಸೇರಿ ನಾನೂರ ತೊಂಬತ್ತು ಗ್ರಾಂ. ಮಾಸ್ತಮ್ಮನ ಕೊಸರು ನಲವತ್ತು ಗ್ರಾಂ. ಅಷ್ಟು ಸಾಕು, ಪೊಟ್ಟಣ ಒಂದು ಕಿಲೋದ ದರಕ್ಕೆ ಹಾರುತ್ತಿತ್ತು.

"ಇನ್ನು ಕೊಸರು ಬೇಡ" ಎಂದೆ.

"ಕೊಸ್ರು ಹಾಕ್ದೆ ಕೊಟ್ಟದ್ದು ಎಂತಾ ಯಾಪಾರ ತಮ್ಮ?" ಅವಳು ನಿಜವಾಗಿ ಗಾಬರಿಯಾಗಿದ್ದಳು. "ಅಳ್ದು ಕೊಡೂದು ಅಂಗಡಿಯವ್ರು. ನಾವು ಕೈಯೆತ್ತಿ ಕೊಡ್ಬೇಕು."

"ಈಗ ನಾವೂ ಅಂಗಡಿಯವರೇ" ಎಂದೆ. ಹಾಗೆ ಹೇಳುವಾಗ ನನಗೆ ಹೆಮ್ಮೆಯೇ ಆಗಿತ್ತು.

ಅವಳು ಆತು ಎಂದಳು. ಆದರೆ ಮರುವಾರ ತೂಗಿದರೆ ಪೊಟ್ಟಣಗಳೆಲ್ಲ ಐನೂರ ಮೂವತ್ತು. ಕಳ್ಳತನದಲ್ಲಿ ಒಳಗೆ ತುರುಕಿದ್ದಳು! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವಳ ಎದುರಿಗೇ ಮೂವತ್ತನಾಲ್ಕು ಪೊಟ್ಟಣ ಬಿಚ್ಚಿದೆ, ಬಾಳೆ ನಾರಿನ ಗಂಟುಗಳನ್ನು ಒಂದೊಂದಾಗಿ ತೆಗೆದು ಬಕೆಟ್ಟಿಗೆ ಹಾಕಿದೆ, ಪುನಃ ಸೀಲ್ ಮಾಡಿದೆ. ಅವಳು ಸೆರಗು ಕಚ್ಚಿಕೊಂಡು ನೋಡುತ್ತಿದ್ದಳು. ಬಕೆಟ್ಟನ್ನು ಮನೆಗೆ ತಂದೆ. ಒಂದು ವಾರ ನಮ್ಮ ಮನೆಯಲ್ಲಿ ಶೆಟ್ಲಿ ಚಟ್ನಿ. ಬಹಳ ರುಚಿಯಾಗಿತ್ತು. ಮಾಲಿನಿ ಮಾತ್ರ ಬಡಿಸಿಕೊಳ್ಳಲಿಲ್ಲ. "ಯಾರದೋ ಪಾಲು ಅದು" ಎಂದಳು.

ಮುಂದಿನ ವರ್ಷ ಬೆಂಗಳೂರಿನ ಗಿರಾಕಿಯೊಬ್ಬರು ಹಪ್ಪಳದ ಪೆಟ್ಟಿಗೆ ವಾಪಸು ಕಳಿಸಿದರು. ಮೀನು ತಿನ್ನದವರ ಮನೆ, ಹಪ್ಪಳ ಕರಿದರೆ ಮೀನಿನ ವಾಸನೆ. ಅವರದೇನೂ ತಪ್ಪಿಲ್ಲ. ಅಂಥವು ಆರು ವಾಪಸು ಬಂದವು. ಆಗ ಒಣಶೆಟ್ಲಿಗಿಂತ ಹಪ್ಪಳ ನಾಲ್ಕು ಪಟ್ಟು ಹೋಗುತ್ತಿತ್ತು. ಕಂಪ್ಯೂಟರ್ ಮುಂದೆ ಕೂತು ನಾನು ಒಣಶೆಟ್ಲಿಯ ಆ ಮೊದಲ ಪುಟವನ್ನೇ ಅಳಿಸಿದೆ. ಎರಡು ನಿಮಿಷದ ಕೆಲಸ.

ಮಾಸ್ತಮ್ಮನಿಗೆ ಶೆಡ್ಡಿನಲ್ಲೇ ಬೇರೆ ಕೆಲಸ ಕೊಡುತ್ತೇನೆ ಎಂದೆ. ಹಪ್ಪಳದ ಹೆಂಗಸರ ಕಡೆ ನೋಡಿ, ಬೇಡ ಎಂದಳು. ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ತನಕ ಹೋದವಳು ತಿರುಗಿ ಕೇಳಿದಳು: "ಯಾರಾದ್ರೂ ಶೆಟ್ಲಿ ಬೇಕು ಅಂತ ಕೇಳಿದ್ರೆ ನಂಗೆ ಹೇಳ್ತೆ ಅಲ್ದಾ ತಮ್ಮ?"

ಹೇಳುತ್ತೇನೆ ಎಂದೆ. ಕೇಳಿದವರು ಬಹಳ ಜನ ಇದ್ದರು. ಒಬ್ಬರ ಬಗ್ಗೆಯೂ ಹೇಳಲಿಲ್ಲ.

ಎರಡು ಸಾವಿರದ ಆರರಲ್ಲಿ ಕುಮಟೆಯ ರೈಲ್ವೆ ಸ್ಟೇಶನ್ ಹತ್ತಿರ ದೊಡ್ಡ ಗೋಡೌನ್ ಮಾಡಿದೆ. ಭಟ್ಕಳದಿಂದ ಹೊನ್ನಾವರ, ಹೊನ್ನಾವರದಿಂದ ಕುಮಟೆ. ವ್ಯಾಪಾರ ಬೆಳೆದಂತೆಲ್ಲ ನಾನು ತೆಂಗಿನಗುಂಡಿಯಿಂದ ದೂರ ದೂರ ಹೋದೆ. ಭಟ್ಕಳಕ್ಕೆ ಹೋದಾಗ ಕೆಲವೊಮ್ಮೆ ಅವಳು ಕಾಣುತ್ತಿದ್ದಳು. ಪುನಃ ತಲೆಯ ಮೇಲೆ ಬುಟ್ಟಿ ಬಂದಿತ್ತು. ನಾನು ಕಾರಿನ ಗಾಜು ಇಳಿಸಿ ಆರಾಮಾ ಎಂದರೆ, ಆರಾಮು ಎನ್ನುತ್ತಿದ್ದಳು. ಆಮೇಲೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಯಾವುದಕ್ಕೆ ಕಾಯುತ್ತಿದ್ದಾಳೆಂದು ಗೊತ್ತಿದ್ದೂ ಗಾಜು ಏರಿಸುತ್ತಿದ್ದೆ.

ಕಳೆದ ವರ್ಷ ಅಕ್ಟೋಬರ್ ಶುರುವಿನಲ್ಲಿ, ಮಹಾಲಯ ಅಮಾವಾಸ್ಯೆಗೆ ಇನ್ನು ಹತ್ತು ದಿನ ಇರುವಾಗ, ಗೋಡೌನಿಗೆ ಒಂದು ಫೋನ್ ಬಂತು. ಹುಡುಗಿಯರು ಊಟಕ್ಕೆ ಹೋಗಿದ್ದರು, ನಾನೇ ಎತ್ತಿದೆ. ಹೆಂಗಸಿನ ದನಿ. ಮೊದಲು ಹಿಂದಿಯಲ್ಲಿ ಕೇಳಿದಳು, ಆಮೇಲೆ ನನ್ನ ಹಿಂದಿ ಕೇಳಿ ಕನ್ನಡಕ್ಕೆ ತಿರುಗಿದಳು. ನಮ್ಮ ಕಡೆಯದೇ ಕನ್ನಡ, ಸ್ವಲ್ಪ ತುಕ್ಕು ಹಿಡಿದದ್ದು.

"ನಿಮ್ಮಲ್ಲಿ ಒಣಶೆಟ್ಲಿ ಕಾಣೂದಿಲ್ಲ ಈಗ. ಬ್ಯಾಗು, ಕುಕ್ಕರು ಎಲ್ಲ ಉಂಟು. ಅದೊಂದು ಎಂತಕ್ಕೆ ತೆಗ್ದ್ರಿ?"

ನಿಲ್ಲಿಸಿ ಮೂರು ವರ್ಷವಾಯಿತು ಎಂದೆ.

"ಒಂದು ಹಿಡಿ ಆದ್ರೂ ಸಿಗ್ಬಹುದಾ? ತಿನ್ನೂಕೆ ಅಲ್ಲ. ಎಡೆ ಇಡ್ಬೇಕು. ನಮ್ಮ ಆಯಿಗೆ ಅದಂದ್ರೆ ಆಸೆ. ಮೂರು ವರ್ಷ ಅದಿಲ್ದೆ ಎಡೆ ಇಟ್ಟೆ, ಕಾಗೆ ಮುಟ್ಟಲಿಲ್ಲ."

ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸುತ್ತಾರೆ. ಕಾಗೆ ಬಂದು ಮುಟ್ಟದಿದ್ದರೆ ಸತ್ತವರ ಮನಸ್ಸಿಗೆ ಸಮಾಧಾನವಿಲ್ಲ ಎಂದು ಲೆಕ್ಕ. ಮಾತಿಗೆ ಕೇಳಿದೆ, ಯಾವ ಊರಮ್ಮ ನಿಮ್ಮ ತಾಯಿಯದು ಎಂದು.

"ತೆಂಗಿನಗುಂಡಿ. ನಿಮ್ಮಲ್ಲೇ ಪೊಟ್ಟಣ ಕಟ್ತಿದ್ಲಲ್ಲ, ಮಾಸ್ತಮ್ಮ ಅಂತ. ನಾನು ನನ್ನ ಗಂಡನ ಹೆಸ್ರಲ್ಲಿ ತರಿಸ್ತಿದ್ದೆ, ಎಸ್.ಬಿ. ಶಿಂದೆ ಅಂತ, ಕೊಲ್ಹಾಪುರ. ಅವ್ರಿಗೆ ಲಾರಿ ಹಿಂದೆ ನಿಮ್ಮ ಹೆಸ್ರು ಕಂಡಿತ್ತು. ಮೊದ್ಲ ಪೊಟ್ಟಣ ಬಿಚ್ಚಿದಾಗ್ಲೇ ಗಂಟು ಕಂಡು ಗೊತ್ತಾತು. ಎರಡು ತಿಂಗ್ಳಿಗೊಂದ್ಸಲ ತರಿಸ್ತಿದ್ದೆ. ಬಿಚ್ಚೂದು, ಆಯಿ ಇದ್ದಾಳೆ ಅಂತ ನೋಡೂದು. ಬರೂಕೆ ಧೈರ್ಯ ಇರ್ಲಿಲ್ಲ, ಅಪ್ಪ ಮುಳುಗು ಹಾಕಿದ ಸುದ್ದಿ ಬಂದಿತ್ತು. ಆಮೇಲೆ ಒಂದ್ಸಲ ಕೊಸ್ರು ಬರ್ಲಿಲ್ಲ. ಮತ್ತೊಂದ್ಸಲ ತರಿಸಿದೆ, ಆಗ್ಲೂ ಬರ್ಲಿಲ್ಲ. ಕೈಯಲ್ಲಿ ಜೀವ ಇದ್ರೆ ಆಯಿ ಕೊಸ್ರು ಹಾಕದೆ ಇರೂದಿಲ್ಲ. ನಂಗೆ ಗೊತ್ತಾತು. ತಲೆ ಮೇಲೆ ನೀರು ಹಾಕ್ಕಂಡೆ."

ನನ್ನ ಎದುರಿಗೆ ಹೊಸ ಕುಕ್ಕರುಗಳ ರಾಶಿ ಇತ್ತು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು.

"ಕಮಲಿ, ಮಾಸ್ತಮ್ಮ ಇದ್ದಾಳೆ" ಎಂದೆ. "ಅವಳು ಹಾಕಿದ್ಲು. ನಾನು ತೆಗೆದೆ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಎಷ್ಟಿತ್ತು ಅದು? ಒಂದು ಹಿಡಿ" ಎಂದಳು, ಫೋನ್ ಇಟ್ಟಳು.

ಆ ಮಧ್ಯಾಹ್ನ ಕಾರು ತೆಗೆದುಕೊಂಡು ತೆಂಗಿನಗುಂಡಿಗೆ ಹೋದೆ. ಹೋಗುವ ಮೊದಲು ಹಳೆ ರಿಜಿಸ್ಟರ್ ತೆಗೆಸಿ ವಿಳಾಸ ಬರೆದುಕೊಂಡೆ. ನನ್ನದೇ ಕೈಬರಹದಲ್ಲಿ ಒಂಬತ್ತು ಸಲ ಇತ್ತು, ಎಸ್.ಬಿ. ಶಿಂದೆ, ಕೊಲ್ಹಾಪುರ. ಆ ಒಂಬತ್ತು ಸಲವೂ ನಾನು ಅವಳಿಗೆ ಬೊಂಬಾಯಿ ಎಂದಿದ್ದೆ. ಹಳೆ ಬಲೆ ಹಾಸಿ, ಅದರ ಮೇಲೆ ಶೆಟ್ಲಿ ಹರಡಿ, ಮಾಸ್ತಮ್ಮ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು. ನಾನು ಮರಳಿನ ಮೇಲೆ ಕೂತೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಟ್ಟೆ.

ಅವಳು ಕೋಲು ಕೆಳಗಿಟ್ಟಳು. ಕಾಗೆಗಳು ಬಂದು ಕೂತವು, ಓಡಿಸಲಿಲ್ಲ.

"ನಂಗೆ ಎಡೆ ಇಟ್ಲಾ?" ಎಂದಳು. "ಎಂತೆಂತ ಬಡಿಸಿದ್ಲಂತೆ?"

ಕೇಳಲಿಲ್ಲ ಎಂದೆ.

"ಮೂರು ವರ್ಷ ಉಪಾಸ ಕೂತ್ನಲ್ಲ ಹಾಗಾರೆ" ಎಂದು ನಗಲು ಹೋದಳು. ನಗು ಅರ್ಧಕ್ಕೇ ನಿಂತು, ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಗಳು ಹೋದ ದಿನ, ಗಂಡ ಸತ್ತ ದಿನ, ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲವಂತೆ, ಆಮೇಲೆ ನೆರೆಯವರು ಹೇಳಿದರು. ನಾನು ನೋಡಿದೆ. ನೋಡಬೇಕಾದವನೇ ನಾನು.

ಅತ್ತು ಮುಗಿದ ಮೇಲೆ ಎದ್ದು ಒಳಗೆ ಹೋದಳು. ಕಾಗದ, ಮುರುಗಲು ಸಿಪ್ಪೆ, ಬಾಳೆ ನಾರು ತಂದಳು. ಒಣಗಿದ ಶೆಟ್ಲಿಯಲ್ಲಿ ಒಳ್ಳೊಳ್ಳೆಯದನ್ನು ಆರಿಸಿ ಒಂದು ಹಿಡಿ, ಒಂದು ಸಿಪ್ಪೆ, ಒಂದು ಗಂಟು. ಮತ್ತೊಂದು ಹಿಡಿ, ಮತ್ತೊಂದು ಗಂಟು. ಮಗಳು ಹೋದ ಹದಿಮೂರು ವರ್ಷಕ್ಕೆ ಹದಿಮೂರು ಗಂಟು ಕಟ್ಟಿ ಒಂದು ಚೀಲಕ್ಕೆ ಹಾಕಿದಳು. ಅಳೆದು ಹಾಕಿದ ಶೆಟ್ಲಿ ಅದರಲ್ಲಿ ಒಂದು ಚೂರೂ ಇರಲಿಲ್ಲ, ಇದ್ದದ್ದೆಲ್ಲ ಕೊಸರೇ.

"ಕೊಡು, ಈಗಲೇ ಪೋಸ್ಟ್ ಮಾಡ್ತೇನೆ" ಎಂದು ಕೈ ಚಾಚಿದೆ.

ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. "ಬೇಡ ತಮ್ಮ. ನಿನ್ನ ಕೈಯಲ್ಲಿ ಕೊಡೂದಿಲ್ಲ. ನಾನೇ ಹೋಗ್ತೆ."

ಬಸ್ಸಿಗೆ ಹತ್ತಿಸುತ್ತೇನೆ ಎಂದೆ, ಕಾರಿನಲ್ಲಿ ಬಿಡುತ್ತೇನೆ ಎಂದೆ. ಎರಡೂ ಒಪ್ಪಲಿಲ್ಲ. ಕಮಲಿ ಹೋದದ್ದು ಮೀನು ಲಾರಿಯಲ್ಲಿ, ತಾನೂ ಅದರಲ್ಲೇ ಹೋಗುವವಳಂತೆ. ಮರುದಿನ ಸಂಜೆ ನಾಲ್ಕು ಗಂಟೆಗೆ ಭಟ್ಕಳ ಬಂದರಿನಲ್ಲಿ ಶಿರಾಲಿಯ ವೆಂಕಟನ ಲಾರಿ ಕೊಲ್ಹಾಪುರಕ್ಕೆ ಹೊರಟು ನಿಂತಿತ್ತು. ಅವನು ನನಗೆ ಹಳೆಯ ಪರಿಚಯದವ, ಮನೆ ಬಾಗಿಲವರೆಗೂ ಮುಟ್ಟಿಸುತ್ತೇನೆ ಎಂದ. ಅವನ ಲಾರಿಯ ಹಿಂದೆ ನನ್ನ ವೆಬ್‌ಸೈಟಿನ ಹೆಸರು ಅರ್ಧಂಬರ್ಧ ಅಳಿಸಿಹೋಗಿ ಇನ್ನೂ ಇತ್ತು. ಮಾಸ್ತಮ್ಮ ಮಾಲಿನಿ ಕೊಟ್ಟ ಹೊಸ ಸೀರೆ ಉಟ್ಟು, ಚೀಲ ಮಡಿಲಲ್ಲಿಟ್ಟುಕೊಂಡು ಮುಂದೆ ಕೂತಳು. ವಿಳಾಸದ ಚೀಟಿಯನ್ನು ವೆಂಕಟನಿಗೆ ಕೊಟ್ಟೆ, ಅವಳಿಗೂ ಒಂದು ಕೊಟ್ಟೆ. ಅವಳು ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಕಿಟಕಿಯಿಂದ ಬಗ್ಗಿದಳು.

"ತಮ್ಮ, ಇದು ಯಾವ ಊರಿಗೆ?"

"ಕೊಲ್ಹಾಪುರ, ಮಾಸ್ತಮ್ಮ" ಎಂದೆ. "ಕೊಲ್ಹಾಪುರ, ಕಮಲಿಯ ಮನೆಗೆ."

"ಇನ್ನೊಂದ್ಸಲ ಹೇಳು" ಎಂದಳು.

ಹೇಳಿದೆ. ಲಾರಿ ಹೊರಟ ಮೇಲೂ, ಅದರ ಪಕ್ಕದಲ್ಲಿ ನಾಲ್ಕು ಹೆಜ್ಜೆ ಓಡುತ್ತ, ಇನ್ನೂ ಒಂದು ಸಲ ಹೇಳಿದೆ.